ಅತ್ತೆ ತಿದ್ದಿದ ದಿನಚರಿ

ದಿನಚರಿ ಬರೆಯುತ್ತೇನೆ ಎಂದು ನಮ್ಮ ಹೊಸದುರ್ಗದಲ್ಲಿ ಯಾರಿಗಾದರೂ ಹೇಳಿ ನೋಡಿ. "ಯಾರಿಗೆ?" ಎಂದು ಕೇಳುತ್ತಾರೆ. ಬರೆಯುವುದೆಂದರೆ ಯಾರಿಗಾದರೂ ಬರೆಯಲೇಬೇಕು ಎಂಬುದು ನಮ್ಮ ಜನರ ಗಟ್ಟಿ ತಿಳಿವಳಿಕೆ. ತಾಲ್ಲೂಕು ಕಚೇರಿಗೆ ಅರ್ಜಿ ಬರೆಯಬಹುದು, ತವರಿಗೆ ಕಾಗದ ಬರೆಯಬಹುದು. ನನಗೆ ನಾನೇ ಬರೆದುಕೊಳ್ಳುತ್ತೇನೆ ಎಂದರೆ ಮಾತ್ರ ಕೇಳಿದವರು ತುಸು ಹಿಂದೆ ಸರಿದು ಮುಖ ನೋಡುತ್ತಾರೆ. ಹಣೆ ಮುಟ್ಟಿ ಜ್ವರ ನೋಡುವುದೊಂದು ಬಾಕಿ. ಆಮೇಲೆ ಎರಡನೆಯ ಪ್ರಶ್ನೆ ಬರುತ್ತದೆ: "ಯಾರೂ ಓದಲ್ಲ ಅಂದ್ಮೇಲೆ ಬರಿಯೋದ್ಯಾಕೆ?" ಇದಕ್ಕೆ ಸರಿಯಾದ ಉತ್ತರ ನನಗೂ ಗೊತ್ತಿರಲಿಲ್ಲ. ಕೇಳಿದವರ ಮೇಲೆ ನನಗೆ ಅಷ್ಟು ಸಿಟ್ಟು ಬರುತ್ತಿದ್ದುದು ಬಹುಶಃ ಅದಕ್ಕೇ.

ನನಗೆ ಬೇಕಾಗಿದ್ದುದು ದೊಡ್ಡದೇನಲ್ಲ. ಆಗ ನಾನು ಮತ್ತೋಡಿನ ಶಾಲೆಯಲ್ಲಿ ಮೇಷ್ಟ್ರಮ್ಮ. ಮನೆ ಹೊಸದುರ್ಗದಲ್ಲಿ, ಮನೆಯಲ್ಲಿ ಸಹಕಾರಿ ಸಂಘದ ಗುಮಾಸ್ತರಾಗಿದ್ದ ನನ್ನ ಯಜಮಾನರು ಮತ್ತು ನನ್ನ ಅತ್ತೆ. ಕೂಡಿ ಬಾಳುವ ಮನೆಯಲ್ಲಿ ಬೀರುವಿನ ಬೀಗದ ಕೈಯಿಂದ ಹಿಡಿದು ತಲೆನೋವಿನ ಮಾತ್ರೆಯವರೆಗೆ ಎಲ್ಲವೂ ಎಲ್ಲರದ್ದು. ಒಂದು ಪುಟ ಮಾತ್ರ ನನ್ನದಾಗಿರಲಿ, ಅದರಲ್ಲಿ ನಡೆದದ್ದನ್ನು ನಡೆದ ಹಾಗೆ, ಅನ್ನಿಸಿದ್ದನ್ನು ಅನ್ನಿಸಿದ ಹಾಗೆ ಬರೆಯುವಂತಾಗಲಿ ಎಂಬುದಷ್ಟೇ ನನ್ನ ಆಸೆ. ಆ ಒಂದು ಪುಟಕ್ಕಾಗಿ ಪುಸ್ತಕದ ಅಂಗಡಿಗಳಿಗೆ ಅಷ್ಟೊಂದು ಅಲೆಯಬೇಕಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಶುರುವಾದದ್ದು ಪುಕ್ಕಟೆ ಡೈರಿಯಿಂದ. ಜನವರಿ ಬಂತೆಂದರೆ ಗೊಬ್ಬರದ ಅಂಗಡಿಯವರು ಸಂಘಕ್ಕೆ ಡೈರಿ ಕೊಡುತ್ತಿದ್ದರು. ಒಂದು ನಮ್ಮ ಮನೆಗೂ ಬರುತ್ತಿತ್ತು. ಮುಂದಿನ ಪುಟಗಳಲ್ಲಿ ಯಾವ ಬೆಳೆಗೆ ಯಾವಾಗ ಎಷ್ಟು ಗೊಬ್ಬರ ಎಂಬ ಕೋಷ್ಟಕ. ಅದು ಮುಗಿದ ಮೇಲೆ ನನ್ನ ವಾಹನದ ನಂಬರು, ನನ್ನ ರಕ್ತದ ಗುಂಪು, ಅಪಘಾತವಾದರೆ ಯಾರಿಗೆ ತಿಳಿಸಬೇಕು ಎಂಬ ವಿಚಾರಣೆ. ಬರೆಯಲು ಕುಳಿತವಳಿಗೆ ಮೊದಲ ದಿನವೇ ಅಪಘಾತದ ಸುದ್ದಿ ಯಾಕೆ ಬೇಕು? ಇಷ್ಟು ದಾಟಿ ಒಳಗೆ ಹೋದರೆ ಪ್ರತಿ ದಿನಕ್ಕೂ ಒಂದು ಪುಟ, ಭಾನುವಾರಕ್ಕೆ ಮಾತ್ರ ಅರ್ಧ. ಈ ಡೈರಿ ಮಾಡಿದವನು ಗಂಡಸು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಭಾನುವಾರ ಏನೂ ನಡೆಯುವುದಿಲ್ಲ ಎಂದು ಅವನ ಲೆಕ್ಕ. ವಾರದ ಬಟ್ಟೆ, ರಾಗಿ ಹಸನು ಮಾಡುವುದು, ಬಂದವರಿಗೆ ಅಡುಗೆ ಎಲ್ಲವೂ ಸೇರಿ ನನಗೆ ಅತ್ಯಂತ ಹೆಚ್ಚು ಹೊಟ್ಟೆಯುರಿಯುವುದೇ ಭಾನುವಾರ, ಆ ಉರಿಗೆ ಅವನು ಕೊಟ್ಟಿದ್ದು ಅರ್ಧ ಪುಟ! ಬರೆಯದೆ ಬಿಟ್ಟ ದಿನಗಳ ಕಾಟ ಇನ್ನೊಂದು. ತಾರೀಖು ಹೊತ್ತ ಖಾಲಿ ಪುಟ, ಹೋಂವರ್ಕ್ ಮಾಡದ ಹುಡುಗನನ್ನು ನಾನು ಹೇಗೆ ನೋಡುತ್ತೇನೋ ಹಾಗೆ ನನ್ನನ್ನು ನೋಡುತ್ತಿತ್ತು.

ಸರಿ, ತಾರೀಖಿಲ್ಲದ ನೋಟುಬುಕ್ಕೇ ಮೇಲೆಂದು ಉದ್ದನೆಯದೊಂದು ತಂದೆ. ರಟ್ಟಿನ ಹಿಂದೆ ಮಗ್ಗಿ, ಮುಂದೆ ಹೆಸರು, ತರಗತಿ, ವಿಭಾಗ, ವಿಷಯ ಎಂದು ಚೀಟಿ. ವಿಷಯ ಎಂಬಲ್ಲಿ ಏನು ಬರೆಯಲಿ ಎಂದು ಒಂದು ಸಂಜೆಯೆಲ್ಲ ಯೋಚಿಸಿದ್ದೇನೆ. 'ಸಂಸಾರ' ಎಂದು ಬರೆಯುವ ಧೈರ್ಯ ಇರಲಿಲ್ಲ. ನೋಟುಬುಕ್ಕಿನ ದೊಡ್ಡ ದೋಷವೆಂದರೆ ಅದು ಮನೆಯಲ್ಲಿದ್ದರೆ ಎಲ್ಲರಿಗೂ ಅದು ಬರೀ ಕಾಗದ. ಯಜಮಾನರು ದಿನಸಿ ಚೀಟಿಗೆಂದು ಹಿಂದಿನ ಹಾಳೆ ಹರಿದರೆ, ಅದರ ಜೋಡಿ ಹಾಳೆ ಮುಂದಿನಿಂದ ಸಡಿಲವಾಗಿ ಕೈಗೆ ಬರುತ್ತದೆ. ಹೀಗೆ ನಾನು ಬರೆದಿದ್ದ ಯುಗಾದಿ ಹಬ್ಬವೊಂದು ಕಿತ್ತು ಹೋಯಿತು. ಕೇಳಿದರೆ "ನಾನು ಹರಿದಿದ್ದು ಖಾಲಿ ಹಾಳೆ ಕಣೇ" ಎಂದರು, ಪಾಪ, ಅದೂ ನಿಜವೇ.

ಪೆನ್ನಿನ ಕಥೆ ಬೇಡ ಎಂದರೂ ಹೇಳುತ್ತೇನೆ. ಒಳ್ಳೆಯ ಪೆನ್ನು ಬೇಕೆಂದು ಚಿತ್ರದುರ್ಗಕ್ಕೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದ ಒಂದು ಅಂಗಡಿಗೆ ಹೋಗುತ್ತಿದ್ದೆ.

"ಪರೀಕ್ಷೆಗೇನ್ ಮೇಡಂ?" ಎಂದು ಮೊದಲ ಸಲ ಕೇಳಿದ ಅಂಗಡಿಯವನು.

"ಇಲ್ಲಪ್ಪ, ಬರಿಯೋಕೆ."

"ಪರೀಕ್ಷೆಗೂ ಬರಿಯೋಕೇ ಅಲ್ವ್ರಾ?"

ಪೆನ್ನು ಪರೀಕ್ಷಿಸಲು ಅವನು ಚೂರು ಕಾಗದ ಮುಂದೆ ಸರಿಸಿದ. ಅದರ ಮೇಲೆ ಆ ದಿನ ಪೆನ್ನು ಕೊಂಡವರೆಲ್ಲ ತಮ್ಮ ತಮ್ಮ ಸಹಿ ಹಾಕಿದ್ದರು. ಪೆನ್ನು ಕೈಗೆ ಬಂದರೆ ಮನುಷ್ಯನಿಗೆ ಮೊದಲು ನೆನಪಾಗುವುದು ತನ್ನ ಹೆಸರೇ. ನಾನೂ ನನ್ನ ಹೆಸರನ್ನೇ ಬರೆದೆ, ಅದರಲ್ಲೂ ಹಾಜರಿ ಪುಸ್ತಕದ ಸಹಿಯನ್ನು. ಮಸಿ ತುಂಬುವ ಪೆನ್ನು ಕೊಂಡೆ. ಅದು ಬಸ್ಸಿನ ಕುಲುಕಾಟಕ್ಕೆ ಬ್ಯಾಗಿನಲ್ಲೇ ಕಾರಿಕೊಂಡಿತು. ಬಾಲ್ ಪೆನ್ನು ಹಿರಿಯೂರಿನ ತರಬೇತಿಗೆ ಹೋದಾಗ ಆ ಬಿಸಿಲಿಗೆ ಇಳಿದು ಬೆರಳಿಗೆಲ್ಲ ಬಳಿಯಿತು. ಆಮೇಲೆ ಜೆಲ್ ಪೆನ್ನು ಬಂತು, ಅದು ಚೆನ್ನಾಗಿ ಬರೆಯುತ್ತದೆ, ಆದರೆ ನೋಡನೋಡುತ್ತಲೇ ಖಾಲಿಯಾಗುತ್ತದೆ. ಹೀಗೆ ಎಲ್ಲವೂ ಕೈಕೊಟ್ಟ ದಿನ ಶಾಲೆಯ ಕೆಂಪು ಪೆನ್ನು ತೆಗೆದುಕೊಂಡೆ. ಅದು ಕೈಗೆ ಬಂದದ್ದೇ ತಡ, ನಿನ್ನೆಯ ಪುಟದಲ್ಲಿ ನಾನೇ ಮಾಡಿದ್ದ ಒತ್ತಕ್ಷರದ ತಪ್ಪಿಗೆ ಸುತ್ತು ಹಾಕಿ, ಕೆಳಗೆ 'ನೋಡಿದೆ' ಎಂದು ಬರೆದು ಸಹಿ ಮಾಡಿದ್ದೆ.

ಪುಸ್ತಕ ಸಿಕ್ಕಿತು, ಪೆನ್ನು ಸಿಕ್ಕಿತು ಎಂದುಕೊಳ್ಳಿ. ಆಗ ಗೊತ್ತಾದದ್ದು, ನನ್ನ ಅಸಲಿ ತೊಂದರೆ ಇವೆರಡೂ ಅಲ್ಲ, ನನ್ನ ಕನ್ನಡ. ಮನೆಯಲ್ಲಿ ನಾವು 'ಐತೆ' ಎನ್ನುವವರು. ಶಾಲೆಯ ಮೆಟ್ಟಿಲು ಹತ್ತಿದರೆ 'ಇದೆ'. ದಿನಚರಿ ಮನೆಯ ವಿಷಯವಾದರೂ ಪೆನ್ನು ಕಾಗದಕ್ಕೆ ತಾಗಿದ ತಕ್ಷಣ ನಾನು ರೇಡಿಯೋದಲ್ಲಿ ವಾರ್ತೆ ಓದುವವಳಾಗಿಬಿಡುತ್ತಿದ್ದೆ. ಬೆಳಿಗ್ಗೆ ಅತ್ತೆ ತಟ್ಟೆ ಸರಿಸಿ, "ಇದೇನ್ ಸಾರೋ, ಕೈ ತೊಳ್ದ ನೀರೋ? ನಮ್ಮ ಕುರಿನೂ ಮೂಸಲ್ಲ" ಎಂದಿದ್ದರೆ, ಸಂಜೆ ನನ್ನ ಪುಸ್ತಕದಲ್ಲಿ 'ಸಾರಿನ ರುಚಿಯ ಬಗ್ಗೆ ಅತ್ತೆಯವರು ಕೊಂಚ ಅಸಮಾಧಾನ ವ್ಯಕ್ತಪಡಿಸಿದರು' ಎಂದಿರುತ್ತಿತ್ತು. ವ್ಯಾಕರಣದ ಮೇಷ್ಟ್ರುಗಳು ಕರ್ಮಣಿ ಪ್ರಯೋಗ ಎಂದು ಒಂದನ್ನು ಕಲಿಸುತ್ತಾರೆ. ಕನ್ನಡದ ನಾಲಿಗೆಗೆ ಅದು ಅಷ್ಟಾಗಿ ಒಗ್ಗದು, ಆಡುಮಾತಿನಲ್ಲಿ ಅದನ್ನು ಹುಡುಕಿದರೂ ಸಿಗದು. 'ನಿನಗೆ ಹೊಡೆಯಲಾಯಿತು' ಎಂದು ಯಾವ ತಾಯಿ ಮಗುವಿಗೆ ಹೇಳಿದ್ದಾಳೆ? ಆದರೆ ಕಚೇರಿಯ ಕಾಗದಗಳು ಬದುಕುವುದೇ ಅದರ ಮೇಲೆ. ಆದೇಶಿಸಲಾಯಿತು, ರದ್ದುಪಡಿಸಲಾಯಿತು, ಎಂದರೆ ಮಾಡಿದವನ ಹೆಸರು ಹೇಳದೆ ಕೆಲಸ ಮುಗಿಸಬಹುದು. ಹೆದರುವವರಿಗೆ ಇಷ್ಟು ಒಳ್ಳೆಯ ಪ್ರಯೋಗ ಇನ್ನೊಂದಿಲ್ಲ. ನಾನು ಅದನ್ನು ಧಾರಾಳವಾಗಿ ಬಳಸಿದೆ.

ಹೆಚ್ಚು ಬಳಸಿದ್ದು ತವರಿನ ವಿಷಯದಲ್ಲಿ. ನನ್ನ ತವರು ಹೊರಕೆರೆದೇವಪುರ. ಏಳು ಸಮುದ್ರದಾಚೆಯೇನಿಲ್ಲ, ಬೆಳಿಗ್ಗೆ ಹೊರಟರೆ ಬಿಸಿಲು ಏರುವುದರೊಳಗೆ ತಲುಪಬಹುದು. ಆದರೆ ನಾನು ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆ ಎಂದರೆ ಸಾಕು, ಅತ್ತೆಗೆ ಮಂಡಿ ನೋವು ಬರುತ್ತಿತ್ತು. ದಸರೆಯ ರಜದಲ್ಲಿ ತಂಗಿಯ ಸೀಮಂತಕ್ಕೆ ಬ್ಯಾಗು ತುಂಬಿಟ್ಟಿದ್ದೆ. ಅತ್ತೆ ಮಂಡಿ ಹಿಡಿದುಕೊಂಡು ಕುಳಿತರು, ನಾನು ಬ್ಯಾಗು ಬಿಚ್ಚಿದೆ. ಮಗುವಿನ ತೊಟ್ಟಿಲಿಗೆ ಬೆಳಿಗ್ಗೆ ಹೋಗಿ ಸಂಜೆ ವಾಪಸಾದೆ, ಶಾಲೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರರಂತೆ. ತಂಗಿ ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಹೊರಡುವುದರೊಳಗೆ, ಬೇಸಿಗೆ ರಜದಲ್ಲಾದರೂ ಒಂದು ವಾರ ಅವಳ ಜೊತೆ ಇರಬೇಕು, ಆ ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯಬೇಕು ಎಂದು ಜೀವ ಒದ್ದಾಡುತ್ತಿತ್ತು. ಬಾಯಿ ಬಿಟ್ಟು ಮಾತ್ರ ಹೇಳಲಿಲ್ಲ. ದಿನಚರಿಯಲ್ಲಿ ಕೂಡ.

ಅತ್ತೆ ಓದಿದವರಲ್ಲ. ನಾನು ಬರೆಯುತ್ತಿದ್ದುದು ಶಾಲೆಯ ಕೆಲಸ ಎಂದೇ ತಿಳಿದಿದ್ದರು. ಒಂದು ಸಂಜೆ ಯಜಮಾನರು ಚಹಾ ಕುಡಿಯುತ್ತ ನಗುತ್ತ ಹೇಳಿಬಿಟ್ಟರು: "ಅದು ಸ್ಕೂಲಿಂದಲ್ಲವ್ವ. ಮನೇಲಿ ದಿನಾ ನಡಿಯೋದ್ನ ಬರೀತಾಳೆ."

ಅತ್ತೆ ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿದರು. "ನನ್ ಇಚಾರನೂ ಐತೇನು?"

"ಐತೆ ಅತ್ತೆ," ಎಂದೆ. ಇಲ್ಲ ಎಂದಿದ್ದರೆ ಅನುಮಾನ ಇನ್ನೂ ಹೆಚ್ಚುತ್ತಿತ್ತು.

"ಹಂಗಾರೆ ಓದು, ಕೇಳಾಣ."

ನನಗೆ ಭಯವೇನೂ ಆಗಲಿಲ್ಲ. ಅಷ್ಟು ಮರ್ಯಾದೆಯಿಂದ ಬರೆದವಳು ನಾನು, ಯಾವ ಪುಟ ತೆಗೆದರೂ ಚಿಂತೆಯಿರಲಿಲ್ಲ. ದಸರೆಯ ಪುಟ ತೆಗೆದು ಗಂಟಲು ಸರಿಮಾಡಿಕೊಂಡು ಓದಿದೆ: 'ಅತ್ತೆಯವರ ಅನಾರೋಗ್ಯದ ನಿಮಿತ್ತ ಪ್ರಯಾಣವನ್ನು ಮುಂದೂಡಲಾಯಿತು.'

"ಅಂದ್ರೆ?"

"ಊರಿಗೆ ಹೋಗೋದನ್ನ ಮುಂದಕ್ಕೆ ಹಾಕಾಯ್ತು ಅಂತ."

"ಯಾರ್ ಹಾಕಿದ್ದು?"

ನಾನು ಆ ಸಾಲಿನ ಮೇಲೆ ಮತ್ತೊಮ್ಮೆ ಬೆರಳಾಡಿಸಿದೆ.

"ನಾನಲ್ಲೇನು ತಡ್ದಿದ್ದು? ನನ್ ಹೆಸ್ರೇ ಇಲ್ವಲ್ಲೇ ಅದ್ರಾಗೆ!"

ನನ್ನ ಮೇಲೆ ಏನು ಬರೆದಿದ್ದೀ ಎಂದು ಜಗಳ ಮಾಡುವ ಅತ್ತೆಯರ ಬಗ್ಗೆ ಕೇಳಿದ್ದೆ. ನನ್ನ ಮೇಲೆ ಸಾಕಷ್ಟು ಬರೆದಿಲ್ಲ ಎಂದು ಮುನಿಸಿಕೊಂಡ ಅತ್ತೆಯನ್ನು ಕಂಡದ್ದು ಅದೇ ಮೊದಲು. ಸಾರಿನ ಪ್ರಸಂಗವನ್ನು ಓದಿದಾಗಲಂತೂ ಅವರಿಗೆ ನಿಜವಾಗಿಯೂ ಅವಮಾನವಾಯಿತು. "ಅದ್ಯಾವಳೋ ಬ್ಯಾರೆ ಅತ್ತೆ. ನಾನಿಷ್ಟು ಮೆತ್ತಗೆ ಬೈದಿದ್ದು ಯಾವಾಗ? ಅಳಿಸಿ ಸರಿಯಾಗ್ ಬರಿ," ಎಂದರು.

ಅಂದಿನಿಂದ ನನ್ನದೆಂದು ಇದ್ದ ಆ ಒಂದು ಪುಟವೂ ಹೋಯಿತು. ಸಂಜೆಯಾದರೆ ಅತ್ತೆ ಎಲೆ ಅಡಿಕೆ ಚೀಲದೊಂದಿಗೆ ಬಂದು ಪಕ್ಕದಲ್ಲಿ ಕುಳಿತು, "ಏನ್ ಬರ್ದೆ?" ಎನ್ನುವರು. ಓದಿದರೆ ತಿದ್ದುವರು. ಅವರು ಹೇಳಿದ್ದೆಲ್ಲ ಸತ್ಯವೂ ಅಲ್ಲ. ಬೆಳಿಗ್ಗೆ ಬೈಯುವಾಗ ಹೊಳೆಯದೆ, ಮಧ್ಯಾಹ್ನ ಮಲಗಿದಾಗ ಹೊಳೆದ ಒಳ್ಳೊಳ್ಳೆಯ ಮಾತುಗಳನ್ನೂ "ಹಿಂಗಂದೆ ಅಂತ ಹಾಕು" ಎಂದು ಸೇರಿಸುತ್ತಿದ್ದರು. ಹೀಗೆ ನಾನು ಬೆಳಿಗ್ಗೆ ಒಂದು ಸಲ ಕೇಳಿದ ಬೈಗುಳ ಸಂಜೆಗೆ ಬಡ್ಡಿ ಸಮೇತ ಬಂದು, ನನ್ನ ಕೈಯಿಂದಲೇ, ನನ್ನ ಪೆನ್ನಿನಿಂದಲೇ, ನನ್ನ ಪುಸ್ತಕದಲ್ಲೇ ದಾಖಲಾಗುತ್ತಿತ್ತು. ಇದಕ್ಕಿಂತ ಅನ್ಯಾಯ ಉಂಟೇ? ಯಜಮಾನರಿಗೆ ಹೇಳಿದರೆ, "ಹೋಗ್ಲಿ ಬಿಡು, ಅವ್ವಂಗೂ ಹೊತ್ತು ಹೋಗ್ತೈತೆ" ಎಂದರು. ಅವರಿಗೇನು, ಅವರ ಹೆಸರು ನನ್ನ ದಿನಚರಿಯಲ್ಲಿ ಬರುತ್ತಿದ್ದುದೇ ಅಪರೂಪ.

ಬೇಸಿಗೆ ರಜ ಬಂತು. ತವರಿಗೆ ಹೊರಡುವ ಹಿಂದಿನ ದಿನ ಬ್ಯಾಗು ತುಂಬಿದೆ. ಮಧ್ಯಾಹ್ನದ ಹೊತ್ತಿಗೆ ಅತ್ತೆ ಗೋಡೆಗೆ ಒರಗಿ ಕಾಲು ಚಾಚಿ, "ಯಾಕೋ ಮಂಡಿ..." ಎಂದರು. ನನಗೆ ಬಂದ ಸಿಟ್ಟನ್ನು ಏನು ಹೇಳಲಿ! ಸೀದಾ ಒಳಗೆ ಹೋಗಿ ನೋಟುಬುಕ್ಕು ತೆಗೆದೆ. 'ಅನಾರೋಗ್ಯದ ನಿಮಿತ್ತ' ಎಂದು ಬರೆದೆ. ಕೈ ಮುಂದೆ ಓಡಲಿಲ್ಲ. ಅಷ್ಟು ದಿನ ಅತ್ತೆಯ ಮಾತನ್ನು ಅತ್ತೆಯ ನಾಲಿಗೆಯಲ್ಲೇ ಬರೆದು ಬರೆದು ಕೈಗೆ ಅದೇ ಅಭ್ಯಾಸವಾಗಿಬಿಟ್ಟಿತ್ತೋ ಏನೋ. ಬರೆದದ್ದನ್ನು ಹೊಡೆದುಹಾಕಿ, ಒಂದೇ ಉಸಿರಿಗೆ ಬೇರೆ ಬರೆದೆ.

ಸಂಜೆ ಅತ್ತೆ ಬಂದು ಕುಳಿತರು. "ಏನ್ ಬರ್ದೆ?"

ಓದಿದೆ. ಗಂಟಲು ಸರಿಮಾಡಿಕೊಳ್ಳಲಿಲ್ಲ. "ನಾನು ಊರಿಗೆ ಹೋಗ್ತೀನಿ ಅಂದಾಗ್ಲೆಲ್ಲ ಅತ್ತೆ ಮಂಡಿ ಹಿಡ್ಕಂಡು ಕುಂತ್ಕಂತಾರೆ. ಬಸ್ಸು ಹೋದ್ಮೇಲೆ ಎದ್ದು ಓಡಾಡ್ತಾರೆ. ನಂಗೆ ಹೊಟ್ಟೆ ಉರೀತೈತೆ. ಒಂದಿನ ನಿಂತ್ಕಂಡು ಕೂಗಾಡ್ಬೇಕು ಅನ್ನಿಸ್ತೈತೆ. ಧೈರ್ಯ ಇಲ್ಲ. ಅದಕ್ಕೆ ಇಲ್ಲಿ ಬರೀತಿದೀನಿ."

ಮುಂದಕ್ಕೆ ಓದಲು ಏನೂ ಇರಲಿಲ್ಲ. ಅತ್ತೆ ಬಾಯಲ್ಲಿದ್ದ ಎಲೆಯನ್ನು ಹೊರಗೆ ಹೋಗಿ ಉಗುಳಿ ಬಂದರು. ಮತ್ತೆ ಕುಳಿತರು.

"ಇದು ಚೆನ್ನಾಗ್ ಬರ್ದೆ. ತಿದ್ದಾದೇನಿಲ್ಲ," ಎಂದರು. ಆಮೇಲೆ ಮಂಡಿ ಸವರಿಕೊಳ್ಳುತ್ತ, "ನಂದೂ ಒಂದ್ ಮಾತೈತೆ, ಬರ್ಕ. ಮಂಡಿ ನೋವು ಸುಳ್ಳಲ್ಲ. ದಿನಾ ಇರ್ತೈತೆ. ನೀ ಹೋಗ್ತೀನಿ ಅಂದ್ರೆ ಜಾಸ್ತಿ ಆಗ್ತೈತೆ."

ಬರೆದುಕೊಂಡೆ. ಅದರ ಕೆಳಗೆ ಏನು ಬರೆಯಬೇಕೋ ತಿಳಿಯದೆ ಪುಸ್ತಕ ಮುಚ್ಚಿದೆ. ಊಟಕ್ಕೆ ಕರೆದಾಗ ಅತ್ತೆ ನನಗಿಂತ ಮೊದಲೇ ಎದ್ದು ಬಂದು ಕುಳಿತರು.

ಬೆಳಿಗ್ಗೆ ನಾನು ಬ್ಯಾಗು ಹಿಡಿದು ಹೊರಬಂದೆ. ಅತ್ತೆ ತಡೆಯಲಿಲ್ಲ, ಹೋಗಿ ಬಾ ಎಂದೂ ಅನ್ನಲಿಲ್ಲ. ಬಾಗಿಲಲ್ಲಿ ನಿಂತು, "ಎಂದು ಬರ್ತೀಯ ಅಂತ ಆ ಬುಕ್ಕಿನಾಗೆ ಬರ್ದಿಟ್ಟು ಹೋಗು," ಎಂದರು.

ಬಸ್ಸಿಗೆ ಹೊತ್ತಾಗಿತ್ತು, ನನಗೆ ಸಿಡುಕು ಬಂತು. "ನಿಮ್ ಮಗ ಬೆಳಗಾದ್ರೆ ಆಫೀಸಿಗೆ ಹೋಗ್ತಾರೆ. ನಿಮಗೆ ಓದಾಕೆ ಬರಲ್ಲ. ಬರ್ದಿಟ್ರೆ ಓದೋರ್ಯಾರು ಅತ್ತೆ?"

"ಓದಾಕಲ್ಲವ್ವ," ಎಂದರು, ಇಷ್ಟೂ ತಿಳಿಯದೇ ಎಂಬಂತೆ. "ಮನೆಯಾಗೆ ಇರ್ಲಿ ಅಂತ."

ಬ್ಯಾಗಿನಿಂದ ಪುಸ್ತಕ ತೆಗೆದು, ಚಪ್ಪಲಿ ಬಿಡದೆ ಹೊಸಿಲ ಬಳಿ ನಿಂತುಕೊಂಡೇ ಬರೆದೆ: 'ಬರೋ ಸೋಮವಾರ ಬರ್ತೀನಿ.' ಪುಸ್ತಕವನ್ನು ಅವರ ಕೈಗೆ ಕೊಟ್ಟು ಬಸ್ಸಿಗೆ ಓಡಿದೆ. ಆ ಒಂದು ವಾರ ತವರಿನಲ್ಲಿ ಬರೆಯುವುದಕ್ಕೆ ಬೇಕಾದಷ್ಟಿತ್ತು, ಬರೆಯಲು ಪುಸ್ತಕವೇ ಇರಲಿಲ್ಲ.