ಅತನೂರಿಗೆ ಹೋದ ಫಟಫಟಿ

ಗಡಿಯ ಆಚೆ ಸ್ವಾತಂತ್ರ್ಯ ಬಂದು ಕೆಲವು ತಿಂಗಳಾಗಿತ್ತು. ಈಚೆ, ಹೈದರಾಬಾದ್ ಸಂಸ್ಥಾನದೊಳಗಿದ್ದ ನಮ್ಮ ಆಳಂದದಲ್ಲಿ, ಮುಂದೇನೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಉರ್ದು ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ. ಮಕ್ಕಳು ಬರುವುದು ನಿಂತ ಮೇಲೆ ಶಾಲೆಯ ಬಾಗಿಲೂ ಮುಚ್ಚಿತು. ಬೆಳಗಾದರೆ ಬಸ್ಸು ನಿಲ್ಲುವಲ್ಲಿಗೆ ಹೋಗುತ್ತಿದ್ದೆ, ಅಲ್ಲಿಂದ ತೊಗರಿ ಅಡತಿಗೆ, ಅಲ್ಲಿಂದ ಮತ್ತೆ ಮನೆಗೆ. ಎಲ್ಲ ಕಡೆ ಅದೇ ಮಾತು: ಇಂಥ ಊರಿಗೆ ಸರ್ಕಾರದ ಕಡೆಯ ಬಂದೂಕಿನವರು ಬಂದಿದ್ದರಂತೆ, ಇಂಥವರ ಬಣವೆ ಸುಟ್ಟರಂತೆ. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತಿರಲಿಲ್ಲ.

"ಒಂದ್ ಕಡಿ ಕುಂಡ್ರೋ. ನಿನ್ನ ನೋಡಿದ್ರ ನನಗ ತಲಿ ತಿರಗತೈತಿ," ಎನ್ನುತ್ತಿದ್ದಳು ಅವ್ವ.

ನನ್ನ ಚಿಂತೆಯೆಲ್ಲ ಅಕ್ಕನದು. ಅವಳು ಅತನೂರಿನಲ್ಲಿದ್ದಳು. ಭಾವ ವಿಷಮಜ್ವರದಿಂದ ತೀರಿಕೊಂಡ ಮೇಲೆ ಸಣ್ಣ ಮಗಳನ್ನು ಕಟ್ಟಿಕೊಂಡು ಅವರ ಹೊಲವನ್ನು ತಾನೇ ಮಾಡಿಸುತ್ತಿದ್ದಳು. ಆ ಕಡೆಯ ಸುದ್ದಿ ಬರುವುದೇ ನಿಂತಿತ್ತು. ಬಸ್ಸು ಒಂದು ದಿನ ಬಂದರೆ ಮತ್ತೆ ಯಾವಾಗಲೋ. ಚಕ್ಕಡಿ ಕಟ್ಟಿ ಅಷ್ಟು ದೂರ ಬರಲು ಯಾರೂ ಒಪ್ಪಲಿಲ್ಲ.

ಭಾವನ ಫಟಫಟಿ ನಮ್ಮಲ್ಲೇ ಇತ್ತು. ಅವರು ಅದನ್ನು ಸೋಲಾಪುರದಿಂದ ತಂದಾಗ ಅತನೂರಿನವರು ಮೊದಲ ಬಾರಿ ಮೋಟಾರ್ ಸೈಕಲ್ ನೋಡಿದ್ದರು. ಅವರು ಹೋದ ಮೇಲೆ ಅಕ್ಕ ಅದನ್ನು ಚಕ್ಕಡಿಯಲ್ಲಿ ಹೇರಿಸಿ, "ಕಣ್ಮುಂದ ಇರೋದು ಬ್ಯಾಡ," ಎಂದಷ್ಟೇ ಹೇಳಿಸಿ ನಮ್ಮಲ್ಲಿಗೆ ಕಳುಹಿಸಿದ್ದಳು. ಅಂದಿನಿಂದ ದನದ ಕೊಟ್ಟಿಗೆಯ ಮೂಲೆಯಲ್ಲಿ, ಹೊಟ್ಟಿನ ಚೀಲಗಳ ಹಿಂದೆ ನಿಂತಿತ್ತು.

ಒಂದು ಬೆಳಿಗ್ಗೆ ಚೀಲಗಳನ್ನು ಸರಿಸಿದೆ. ಸೀಟಿನೊಳಗೆ ಇಲಿ ಗೂಡು ಕಟ್ಟಿತ್ತು. ಟೈರುಗಳು ಒಣಗಿದ ಕೆರೆಯಂತೆ ಬಿರುಕು ಬಿಟ್ಟಿದ್ದವು. ಕಿಕ್ಕಿನ ಮೇಲೆ ನಿಂತು ಕುಣಿದರೂ ಅದು ಅಲ್ಲಾಡಲಿಲ್ಲ.

ಹಿಟ್ಟಿನ ಗಿರಣಿಯ ಎಂಜಿನ್ ನೋಡಿಕೊಳ್ಳುತ್ತಿದ್ದ ಗೆಳೆಯನನ್ನು ಕರೆತಂದೆ. ಅವನು ಮುಸಲ್ಮಾನ, ನಾನು ಲಿಂಗಾಯತ. ಚಿಕ್ಕಂದಿನಿಂದ ಒಂದೇ ಓಣಿಯಲ್ಲಿ ಆಡಿದವರು. ಆ ವರ್ಷ ಮಾತ್ರ ಅವನು ನಮ್ಮ ಮನೆಯೊಳಗೆ ಬಂದರೆ ಎದುರಿನ ಕಿಟಕಿ ತೆರೆದುಕೊಳ್ಳುತ್ತಿತ್ತು. ನಾನು ಗಿರಣಿಗೆ ಹೋದರೆ ಅಲ್ಲಿ ಮಾತು ನಿಲ್ಲುತ್ತಿತ್ತು.

ಅವನು ಸುತ್ತ ಒಮ್ಮೆ ನೋಡಿ ಎಂಜಿನ್ ತಟ್ಟಿದ. "ಜಾಮ್ ಆಗೇತಿ. ಜಲ್ದಿ ಮಾಡಬ್ಯಾಡ, ಮುರೀತೈತಿ."

"ಜಲ್ದಿ ಐತಿ," ಎಂದೆ.

"ನಿನಗ ಐತಿ. ಅದಕ್ಕಿಲ್ಲ."

ಪ್ಲಗ್ ಬಿಚ್ಚಿ ಆ ತೂತಿನಿಂದ ಎಂಜಿನ್ನೊಳಗೆ ಸೀಮೆಎಣ್ಣೆ ಸುರಿದು ಬಿಟ್ಟೆವು. ದಿನಾ ಹೋಗಿ ಹಿಂದಿನ ಗಾಲಿಯನ್ನು ಹಿಂದಕ್ಕೂ ಮುಂದಕ್ಕೂ ಜಗ್ಗುತ್ತಿದ್ದೆ. ನಡುನಡುವೆ ಬೀದಿಗೆ ಹೋಗಿ ಸುದ್ದಿ ಕೇಳಿ ಬರುತ್ತಿದ್ದೆ. ಕೇಳಿದಷ್ಟೂ ಕೈ ಹೆಚ್ಚು ಬಿರುಸಾಗುತ್ತಿತ್ತು. ಎರಡು ಬೋಲ್ಟು ಮುರಿದೆ. ಅವನು ಬೈಯದೆ ಗಿರಣಿಯಿಂದ ಬೇರೆ ತಂದ. ಪೆಟ್ರೋಲಿನ ಟಾಕಿಯೊಳಗೆ ತುಕ್ಕು ಹಿಡಿದಿತ್ತು; ಸಣ್ಣ ಹರಳು ಹಾಕಿ ಇಬ್ಬರೂ ಹಿಡಿದು ಕುಲುಕಿದೆವು, ಕೆಂಪು ನೀರು ಹೊರಬಂತು. ಬಿರಿದ ಟೈರಿಗೆ ಒಳಗಿನಿಂದ ಹಳೆಯ ಟೈರಿನ ತುಂಡು ಕೊಟ್ಟೆವು. ಪೆಟ್ರೋಲನ್ನು ಗಡಿಯಾಚೆಯಿಂದ ಒಬ್ಬ ವ್ಯಾಪಾರಿ ಒಳ್ಳೆಣ್ಣೆಯ ಡಬ್ಬಿಯಲ್ಲಿ ತಂದುಕೊಟ್ಟ.

ಒಂದು ದಿನ ನಾನು ಜಗ್ಗಿದಾಗ ಒಳಗೆ ಏನೋ ಕಳಚಿದಂತಾಗಿ ಗಾಲಿ ತಿರುಗಿತು. ಆದರೂ ಕಿಡಿ ಬರಲಿಲ್ಲ. ಅವನು ಮ್ಯಾಗ್ನೆಟೊ ಬಿಚ್ಚಿ ಮಸಿ ತಿಕ್ಕಿ ತೆಗೆದು, ಪ್ಲಗ್ಗಿನ ತಂತಿಯನ್ನು ನನ್ನ ಕೈಗೆ ಕೊಟ್ಟು ಕಿಕ್ ಒತ್ತಿದ. ಮೊಣಕೈತನಕ ಜುಮ್ಮೆಂದಿತು.

"ಬಂತು ನೋಡು," ಎಂದು ನಕ್ಕ. ಅಷ್ಟು ದಿನಗಳಲ್ಲಿ ಅವನು ನಕ್ಕದ್ದು ಅದೊಂದೇ ಸಲ.

ಮರುದಿನ ಮುಂಜಾನೆ ಅಂಗಳಕ್ಕೆ ತಂದು ಕಿಕ್ ಒತ್ತಿದೆವು. ಹೊಗೆ ಕಾರಿ, ಕೆಮ್ಮಿ, ಕೊನೆಗೆ ಶುರುವಾಯಿತು. ನನ್ನ ಕಣ್ಣಲ್ಲಿ ನೀರೇ ಬಂತು. ಅಷ್ಟರಲ್ಲಿ ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿ, ಅಗಳಿ ಬಿದ್ದವು. ಆ ದಿನಗಳಲ್ಲಿ ಮೋಟಾರಿನ ಸಪ್ಪಳಕ್ಕೆ ಇದ್ದದ್ದು ಒಂದೇ ಅರ್ಥ: ಬಂದೂಕಿನವರು ಬಂದರು. ಗೆಳೆಯ ಓಡಿಹೋಗಿ, "ನಾವರಿ, ನಾವು. ಹೆದರಬ್ಯಾಡ್ರಿ," ಎಂದು ಬಾಗಿಲು ಬಾಗಿಲು ತಟ್ಟಿ ಹೇಳಿದ. ಕೆಲವರು ಅವನ ದನಿ ಕೇಳಿಯೂ ತೆರೆಯಲಿಲ್ಲ.

ಅಲ್ಲೇ ನನಗೆ ಬುದ್ಧಿ ಬರಬೇಕಿತ್ತು. ಆದರೆ ನಾನಾಗಲೇ ಮನಸ್ಸಿನಲ್ಲಿ ದಾರಿಯ ಮೇಲಿದ್ದೆ.

ದೊಡ್ಡ ರಸ್ತೆ ಬಿಟ್ಟು ಗಾಣಗಾಪುರದ ಕಡೆಯಿಂದ ಸುತ್ತಿ ಹೋದೆ. ಎರಡೂ ಬದಿಗೆ ಆಳೆತ್ತರದ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ದಾರಿಯಲ್ಲಿ ಒಬ್ಬ ಮನುಷ್ಯನೂ ಸಿಗಲಿಲ್ಲ. ದೂರದಿಂದ ಕಂಡವರು ಹತ್ತಿರ ಹೋಗುವಷ್ಟರಲ್ಲಿ ಇರುತ್ತಿರಲಿಲ್ಲ. ಅತನೂರು ಹೊಕ್ಕಾಗ ಊರು ಖಾಲಿ. ಒಂದು ಮನೆಯೊಳಗೆ ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು. ಅಕ್ಕನ ಮನೆಯ ಬಾಗಿಲು ತೆರೆದಿತ್ತು, ಕೊಣಮಿಗೆಯಲ್ಲಿ ನಾದಿದ ಹಿಟ್ಟು ಹಾಗೇ ಇತ್ತು. ಎಂಜಿನ್ ನಿಲ್ಲಿಸಿ ಕೂಗಿದೆ. ಒಂದು ಎಮ್ಮೆ ಮಾತ್ರ ತಿರುಗಿ ನೋಡಿತು.

ಬಹಳ ಹೊತ್ತಿನ ಮೇಲೆ ಜೋಳದ ಸಾಲಿನಿಂದ ಅಕ್ಕ ಹೊರಬಂದಳು, ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡು. ಕೆನ್ನೆಯ ಮೇಲೆ ಜೋಳದ ಗರಿ ಗೀರಿದ ಗಾಯ.

"ಊರಿಗಿ ಊರ್ನ ಓಡಿಸಿದೆಲ್ಲೋ," ಎಂದಳು. "ಬಾಜೂ ಮನಿ ಮುದುಕಿ ಹೊಲದಾಗ ಬಿದ್ದು ಏಳವಲ್ಲಳು."

"ನಿನ್ನ ಕರಕೊಂಡ್ ಹೋಗಾಕ ಬಂದೇನಿ ಅಕ್ಕಾ."

ಅವಳು ಗಾಡಿಯ ಕಡೆ ನೋಡಲಿಲ್ಲ. "ಎಲ್ಲಾರ ಜೋಡಿ ನಾನೂ ಓಡಿದೆ. ಅರ್ಧ ಹೊಲದಾಗ ಅವ್ರ ಗಾಡಿ ಸಪ್ಪಳ ಅಂತ ಗುರ್ತ ಹತ್ತಿತು. ಗುರ್ತ ಹತ್ತಿದ ಮ್ಯಾಲೂ ಹೊಳ್ಳಿ ಬರಾಕ ಕಾಲು ಬರಲಿಲ್ಲ. ಬಂದ್ರ ಗಾಡಿ ಮ್ಯಾಲಿಂದ ಯಾರು ಇಳೀತಾರ ಅಂತ ಅಂಜಿಕಿ ಆತು."

ಜನ ಒಬ್ಬೊಬ್ಬರಾಗಿ ಬಂದರು. ಮುದುಕಿಯನ್ನು ನಾನೇ ಎತ್ತಿಕೊಂಡು ಬಂದೆ. ಪಾದ ಉಳುಕಿತ್ತು, ಬೇರೇನಿಲ್ಲ. ಅಕ್ಕ ಬರಲು ಒಪ್ಪಲಿಲ್ಲ. "ನಾ ಬಂದ್ರ ಜ್ವಾಳ ಯಾರ್ ಕೊಯ್ಬೇಕು? ಇವ್ರೆಲ್ಲಾ ಇಲ್ಲೇ ಅದಾರ, ನಾನೂ ಇರ್ತೇನಿ." ಎಷ್ಟು ಹೇಳಿದರೂ ಅಷ್ಟೇ. ಸಂಜೆಗೆ ಮುಂಚೆ ಹೊರಟಾಗ ಊರಿನ ನಾಲ್ಕಾರು ಮಂದಿ ಗಾಡಿಯನ್ನು ಊರ ಹೊರಗಿನ ತನಕ ದಬ್ಬಿಕೊಂಡು ಬಂದರು. ಮಕ್ಕಳು ಮತ್ತೆ ಹೆದರಬಾರದೆಂದು. ಅಕ್ಕನೂ ಜೊತೆಗೆ ನಡೆದು ಬಂದಳು. ಕೊನೆಗೆ, "ಈಗ ಚಾಲೂ ಮಾಡು," ಎಂದಳು. ಮಾಡಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೇಳಿ, ತಿರುಗಿ ಊರೊಳಗೆ ನಡೆದಳು.

ಆ ಬೇಸಿಗೆಯೆಲ್ಲ ನಾನು ಒಂದು ಕಿವಿಯನ್ನು ಬೀದಿಯಲ್ಲಿಟ್ಟೇ ಬದುಕಿದೆ. ಅತನೂರಿಗೆ ಏನೂ ಆಗಲಿಲ್ಲ. ಮಳೆಗಾಲದ ಕೊನೆಗೆ ಗಡಿ ದಾಟಿ ಸೈನ್ಯ ಬಂತು. ಹಳೆಯ ಸರ್ಕಾರ ಹೋಯಿತು. ನಮ್ಮ ಓಣಿಯಲ್ಲಿ ಸಕ್ಕರೆ ಹಂಚಿದರು. ಅದೇ ವಾರ ಬೇರೆ ಬಾಗಿಲುಗಳಿಗೆ, ಮುಸಲ್ಮಾನರ ಬಾಗಿಲುಗಳಿಗೆ, ಅಗಳಿ ಬಿದ್ದವು.

ಒಂದು ಮಧ್ಯಾಹ್ನ ಗೆಳೆಯ ಹಿತ್ತಲಿನಿಂದ ಬಂದ. ಗಡ್ಡ ಬೋಳಿಸಿದ್ದ.

"ಗುಲ್ಬರ್ಗಾದಾಗ ನಮ್ಮ ಮಾಮೂ ಅದಾರ," ಎಂದ. "ಅಲ್ಲೀತನಕ ಮುಟ್ಟಿದ್ರ ಸಾಕು. ನಾನು, ಮನ್ಯಾಕಿ, ಕೂಸು. ಗಾಡಿ ಹೊಳ್ಳಿ ತಂದ್ ಕೊಡ್ತೀನಿ."

"ಮೊದಲ್ ಮುಟ್ಟು," ಎಂದೆ.

ಅವ್ವ ಏನೂ ಕೇಳದೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಅವನ ಹೆಂಡತಿಗೆ ತನ್ನ ಸೀರೆ ಉಡಿಸಿದಳು. ಕೂಸನ್ನು ಇಬ್ಬರ ನಡುವೆ ಬಟ್ಟೆಯಿಂದ ಕಟ್ಟಿದೆವು. ಊರ ಹೊರಗಿನ ತನಕ ನಾನು ಸೈಕಲ್ ತುಳಿಯುತ್ತ ಮುಂದೆ ಹೋದೆ. ಇಬ್ಬರು ತಡೆದರು, ನನ್ನನ್ನು ನೋಡಿ ಬಿಟ್ಟರು.

ಮುಟ್ಟಿದರೆಂದು ತಿಂಗಳ ಮೇಲೆ ಬಾಯಿಮಾತಿನಲ್ಲಿ ತಿಳಿಯಿತು. ಅಲ್ಲಿಂದ ಹೈದರಾಬಾದಿಗೆ ಹೋದರಂತೆ. ಗಾಡಿ ಬರಲಿಲ್ಲ, ಅವನೂ ಬರಲಿಲ್ಲ.

ಭಾವನ ವಸ್ತು, ಅಕ್ಕನಿಗೆ ಹೇಳಲೇಬೇಕಿತ್ತು. ಬಸ್ಸು ಹಿಡಿದು ಅತನೂರಿಗೆ ಹೋದೆ. ಅವಳು ರೊಟ್ಟಿ ಬಡಿಯುತ್ತ ಎಲ್ಲ ಕೇಳಿದಳು.

"ಕೂಸು ಗಂಡೋ ಹೆಣ್ಣೋ?" ಎಂದಳು.

"ಹೆಣ್ಣು."

"ಎಷ್ಟು ದೊಡ್ಡದಿತ್ತು?"

ನಾನು ಕೈಯಲ್ಲಿ ತೋರಿಸಿದೆ. ಅವಳು ತಲೆಯಾಡಿಸಿ, ಬಿಸಿ ರೊಟ್ಟಿಯನ್ನು ನನ್ನ ಮುಂದೆ ಸರಿಸಿದಳು.