ನಾಯಿ ಸತ್ತ ಸುದ್ದಿ

“ಸಿಸ್ಟರ್, ನಾಯಿ ಸತ್ತದರಿ. ಈಗ ನನ್ನ ಮಗಳಿಗಿ ಏನರ ಆಗ್ತದೇನ್ರಿ?”

ನಿರ್ಣಾ ಹಳ್ಳಿಯಿಂದ ಓಡೋಡಿ ಬಂದಿದ್ದ ತಾಯಿಯ ಪಕ್ಕದಲ್ಲಿ ಮದುವೆ ವಯಸ್ಸಿನ ಮಗಳು ನಿಂತಿದ್ದಳು. ಎಪ್ಪತ್ತರ ದಶಕದಲ್ಲಿ ನಾನು ಹುಮನಾಬಾದಿನ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದೆ. ಆರು ವರ್ಷದ ಹಿಂದೆ ಈ ಹುಡುಗಿಯನ್ನು ನಾಯಿ ಕಚ್ಚಿದಾಗ ಹೊಕ್ಕುಳ ಸುತ್ತ ಚುಚ್ಚುಮದ್ದು ಕೊಟ್ಟವಳು ನಾನೇ. ‘ನಾಯಿಯನ್ನು ಕೊಲ್ಲಬೇಡಿ, ಕಟ್ಟಿಹಾಕಿ. ಅದು ಬದುಕಿದ್ದರೆ ಮಗಳಿಗೂ ಭಯವಿಲ್ಲ’ ಎಂದಿದ್ದೆ. ಹತ್ತು ದಿನ ನೋಡಿದರೆ ಸಾಕು ಎನ್ನುವುದನ್ನು ಮಾತ್ರ ಹೇಳಿರಲಿಲ್ಲ.

“ದಿನಾ ಎದ್ದ ಕೂಡ್ಲೆ ಅದರ ಮಾರಿ ನೋಡ್ತಿದ್ನಿರಿ. ಮದಲ ಅದಕ್ಕ ರೊಟ್ಟಿ ಹಾಕಿ, ಆಮ್ಯಾಲ ಮಗಳಿಗಿ ಕೊಡ್ತಿದ್ನಿ,” ಎಂದಳು ತಾಯಿ.

ಏನೂ ಆಗುವುದಿಲ್ಲವೆಂದು ತಿಳಿಹೇಳಿ ಕಳಿಸಿದೆ. ಅಂದಿನಿಂದ ನಾಯಿಯಿಂದ ಕಚ್ಚಿಸಿಕೊಂಡು ಬಂದವರ ಹತ್ತೂ ಬೆರಳು ಮಡಚಿಸಿ ದಿನ ಎಣಿಸದೆ ಯಾರನ್ನೂ ಮನೆಗೆ ಬಿಟ್ಟಿಲ್ಲ.