ಅಲಿಯಾಸ್ ಟೈಪೂ ಅಣ್ಣನ ದನಿಯೂ

ನಿಜಲಿಂಗಪ್ಪ ಬಡಾವಣೆಯ ನಮ್ಮ ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ನಾನು ಅಣಕಿಸದೆ ಬಿಟ್ಟವರಿರಲಿಲ್ಲ. ಮಾಲೀಕರ ಕೆಮ್ಮು, ಅಕೌಂಟ್ಸ್ ಮೇಡಂ ಫೋನಿನಲ್ಲಿ ಎಳೆಯುವ ರಾಗ, ಇಂಟರ್‌ವ್ಯೂನಲ್ಲಿ ತೊದಲಿದ ನನ್ನದೇ ದನಿ, ಎಲ್ಲವೂ ನನ್ನ ಸರಕು. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ನನಗೆ ಕೆಲಸ ಕಲಿಸಿದ ಸೀನಿಯರ್‌ನದು. ಅವನನ್ನು ನಾನು ಅಣ್ಣ ಎನ್ನುತ್ತಿದ್ದೆ. ಕನ್ನಡಕವನ್ನು ಹಣೆಗೇರಿಸಿ, ಪ್ರತಿ ಪಾಠದ ಕೊನೆಗೆ ‘ತಿಳೀತಾ ತಮ್ಮಾ’ ಎಂದು ಸೇರಿಸುವವನು.

ಹರಿಹರದ ಮೆಕ್ಕೆಜೋಳದ ಗೋದಾಮೊಂದಕ್ಕೆ ನಾವು ಡೇಟಾಬೇಸ್ ಕಟ್ಟುತ್ತಿದ್ದೆವು. ಮುಗಿದ ಮೇಲೆ ಅದರ ಜವಾಬ್ದಾರಿ ಪೂರ್ತಿ ನನಗೇ ಎಂದು ಮಾಲೀಕರು ಹೇಳಿದ್ದರು. ನನ್ನದು ಅಂತ ಹೇಳಿಕೊಳ್ಳಬಹುದಾದ ಮೊದಲ ಕೆಲಸ. ಒಮ್ಮೆಗೆ ಬಂದ ಜೋಳದ ಪ್ರತಿ ರಾಶಿಗೂ, ಅಂದರೆ ಲಾಟಿಗೂ, ಒಂದು ನಂಬರು; ಆವಕ, ತೂಕ, ತೇವಾಂಶ, ಲೋಡಿಂಗ್ ಹೀಗೆ ಎಲ್ಲ ಟೇಬಲ್ಲುಗಳಲ್ಲೂ ಅದು ಬರಬೇಕು. ಆ ನಂಬರಿಗೆ ನಾನು ಒಂದು ಕಡೆ ಎಂಟಕ್ಷರದ ಜಾಗ ಕೊಟ್ಟಿದ್ದೆ, ಇನ್ನೊಂದು ಕಡೆ ಹತ್ತು. ಅಣ್ಣ ನೋಡಿ ನಕ್ಕ.

“ಪ್ರತಿ ಸಲ ಅಕ್ಷರ ಎಣಿಸ್ಕಂತ ಕೂಡ್ತೀಯಾ? ಹತ್ತಕ್ಷರದ ಟೈಪಿಗೆ ನಾವೇ ಒಂದು ಹೆಸರಿಡಾನ, ಲಾಟ್‌ನಂಬರ್ ಅಂತ. ಇದಕ್ಕೆ ಅಲಿಯಾಸ್ ಟೈಪು ಅಂತಾರೆ. ಎಲ್ಲಾ ಟೇಬಲ್ಲಿಗೂ ಅದನ್ನೇ ಹಾಕು, ಬಾಳ ಅನುಕೂಲ ಐತೆ. ನಾಳೆ ಅಳತೆ ಹೆಚ್ಚಾದ್ರೆ ಒಂದೇ ಕಡೆ ತಿದ್ದಿದ್ರೆ ಆತು. ತಿಳೀತಾ ತಮ್ಮಾ.”

ಅನುಕೂಲದ ಮಾತು ಸುಳ್ಳಲ್ಲ. ಎಲ್ಲೆಲ್ಲೂ ಒಂದೇ ಅಳತೆ ಬಂತು. ಟೇಬಲ್ ತೆರೆದರೆ ಯಾವ ಕಾಲಂ ಏನು ಅಂತ ಟೈಪೇ ಹೇಳುತ್ತಿತ್ತು. ನಮ್ಮ ಆಫೀಸಿನಲ್ಲಿ ಹೊಸದೇನು ಹುಟ್ಟಿದರೂ ನಾಮಕರಣ ಮಾಡುವ ಪದ್ಧತಿ: ಮಾನಿಟರಿಗೆ ಕಿವಿ ಎಲ್ಲಿರಬಹುದೆಂದು ಊಹಿಸಿ ಅಲ್ಲಿ ಹೆಸರು ಉಸುರುವುದು, ಆಮೇಲೆ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ. ಅವತ್ತು ‘ಲಾಟ್‌ನಂಬರ್’ ಎಂದು ಉಸುರಿದವನು ನಾನು, ಸೋದರತ್ತೆಯ ದನಿಯಲ್ಲಿ. ಮಾಲೀಕರೂ ಬಂದು ತಿಂದು ನಕ್ಕು ಹೋದರು.

ಸುಗ್ಗಿಯಲ್ಲಿ ಹರಿಹರದವರು ಇನ್ನೊಂದು ಗೋದಾಮು ಹಿಡಿದರು. ಲಾಟ್ ನಂಬರಿನ ಜೊತೆ ಗೋದಾಮಿನ ಗುರುತೂ ಬೇಕಾಗಿ ಹತ್ತಕ್ಷರ ಸಾಲದಾಯಿತು. ನಾನು ಅಲ್ಲಿಗೆ ಹೋಗಿ, ಗತ್ತಿನಿಂದ, ಒಂದೇ ಕಡೆ ತಿದ್ದಲು ಕೂತೆ. ಡೇಟಾಬೇಸ್ ಒಪ್ಪಲಿಲ್ಲ. ಅಲಿಯಾಸ್ ಟೈಪನ್ನು ತಿದ್ದುವ ದಾರಿಯೇ ಅದರಲ್ಲಿರಲಿಲ್ಲ. ಬಳಕೆಯಲ್ಲಿರುವಷ್ಟು ಕಾಲ ಅಳಿಸಲೂ ಬಿಡದು. ಬೇರೆ ಟೈಪು ಮಾಡಿ, ಒಂದೊಂದೇ ಕಾಲಮ್ಮನ್ನು ಅದಕ್ಕೆ ಬದಲಿಸಿ, ಹಳೆಯದನ್ನು ನಂಬಿಕೊಂಡಿದ್ದ ಪ್ರೊಸೀಜರು ಎಂಬ ಪುಟ್ಟ ಪ್ರೋಗ್ರಾಮುಗಳನ್ನೆಲ್ಲ ತಿದ್ದಿ, ಕೊನೆಗೆ ಹಳೆಯದನ್ನು ತೆಗೆಯಬೇಕು. ಅಷ್ಟರಲ್ಲಿ ಹೊರಗೆ ಲಾರಿಗಳು ಸಾಲುಗಟ್ಟಿದ್ದವು. ಗೋದಾಮಿನ ಯಜಮಾನರು ನಮ್ಮ ಮಾಲೀಕರಿಗೆ ಫೋನ್ ಹಚ್ಚಿದರು. “ಏನ್ರೀ ಇದು, ಕೈಯಾಗ ಬರ್ಕಂಡಿದ್ರೇ ಚಲೋ ಇತ್ತಲ್ರೀ.”

ಮರುದಿನ ಮಾಲೀಕರು ನಮ್ಮಿಬ್ಬರನ್ನೂ ಒಳಗೆ ಕರೆದರು. “ಯಾರ ಐಡಿಯಾನಪ್ಪ ಇದು?”

ಅಣ್ಣ ಕನ್ನಡಕವನ್ನು ಹಣೆಗೇರಿಸಲಿಲ್ಲ. “ನಾ ಬ್ಯಾಡ ಅಂದಿದ್ದೆ ಸರ್. ಹೆಸರಿಟ್ಟೋನು ಇವನೇ ಅಲ್ವಾ, ನೀವೇ ನೋಡೀರಿ.”

ಮಾಲೀಕರಿಗೆ ಮಂಡಕ್ಕಿ ನೆನಪಿತ್ತು. ನಾನು ಅಣ್ಣನ ಮುಖ ನೋಡಿದೆ. ಅವನು ಕ್ಯಾಲೆಂಡರ್ ನೋಡುತ್ತಿದ್ದ. ಇಂಥ ಹೊತ್ತಿನಲ್ಲಿ ನನ್ನ ಸ್ವಂತ ದನಿ ನನಗೆ ಯಾವತ್ತೂ ಸಿಕ್ಕಿದ್ದಿಲ್ಲ. ಸಿಕ್ಕಿದ್ದು ಅವನದು. ಇಲ್ಲದ ಕನ್ನಡಕವನ್ನು ಹಣೆಗೇರಿಸಿ, ಅವತ್ತಿನ ಪಾಠವನ್ನು ಅಕ್ಷರ ಬಿಡದೆ ಒಪ್ಪಿಸಿದೆ. “ನಾಳೆ ಅಳತೆ ಹೆಚ್ಚಾದ್ರೆ ಒಂದೇ ಕಡೆ ತಿದ್ದಿದ್ರೆ ಆತು. ತಿಳೀತಾ ತಮ್ಮಾ.”

ಮಾಲೀಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣನೂ ನಕ್ಕ, ತುಸು ತಡವಾಗಿ.

“ಸಾಕು ಬಿಡಪ್ಪ ನಿನ್ನ ನಾಟಕ,” ಎಂದರು ಮಾಲೀಕರು, ಕಣ್ಣೊರೆಸಿಕೊಂಡು ಅಣ್ಣನತ್ತ ಕೈ ತೋರಿಸುತ್ತಾ. “ಹರಿಹರದ್ದು ಇನ್ಮೇಲೆ ನಿನಗೆ ಬ್ಯಾಡ, ಅವನೇ ನೋಡ್ಕಣ್ಲಿ.”

ಈಗಲೂ ಚಹಾದ ಹೊತ್ತಿಗೆ ಎಲ್ಲರ ದನಿಯನ್ನೂ ಮಾಡುತ್ತೇನೆ, ಅವನದೊಂದು ಬಿಟ್ಟು. “ನಂದೂ ಮಾಡೋ ತಮ್ಮಾ” ಎಂದು ಒಮ್ಮೊಮ್ಮೆ ಅವನೇ ಕೇಳುತ್ತಾನೆ. ಮರೆತುಹೋಗಿದೆ ಅನ್ನುತ್ತೇನೆ.